ಗಡಿಗೆಯೊಳಗಿನ ಗಂಟಲು

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ ಹಂಸಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಸಿಂಗಾರಮ್ಮ ಅಂತ ಸಂಗೀತ ಹೇಳಿಕೊಡುವವರೊಬ್ಬರಿದ್ದರು. ಮನೆಯ ಜಗಲಿಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಅವರು ಹಾಡಿದರೆ ಬತ್ತಿದ ಬಾವಿಗೆ ನೀರು ಬರುತ್ತಿತ್ತು. ಪಾಠಕ್ಕೆ ಕೂತರೆ ಮಾತ್ರ, ಅಬ್ಬಬ್ಬಾ, ಆ ಬಾಯಿ!

ಗಾಣದ ಮನೆಯ ಚೆಲುವಿ ಅವರ ಶಿಷ್ಯೆ. ಸರಿಗಮ ಹಾಡುತ್ತ ಮೇಲೇರುವಾಗ ಅವಳದು ಎಲ್ಲ ಸರಿ. ಇಳಿಯುವಾಗ ಗಾಂಧಾರ ಜಾರಿಬಿಡುತ್ತಿತ್ತು. ತಕ್ಷಣ ಸಿಂಗಾರಮ್ಮ ತೊಡೆ ತಟ್ಟಿ, "ಅಲ್ಲ ಕಣೇ! ಇನ್ನೊಂದ್ ಸಲ!" ಎನ್ನುತ್ತಿದ್ದರು. ಸರಿಯಾಗಿ ಹಾಡಿದ ದಿನ ಒಂದು ಶಭಾಷ್ ಆದರೂ ಸಿಗುತ್ತಿತ್ತೇ? ಊಹೂಂ. ತುಟಿ ಪಿಟಕ್ಕೆನ್ನದೆ ಮುಂದಿನ ಪಾಠ ಎತ್ತಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಗಾಂಧಾರ ಮತ್ತೆ ಮತ್ತೆ ಜಾರಿತು. "ಇನ್ನೊಂದ್ ಸಲ!" ಕೇಳಿ ಕೇಳಿ ಚೆಲುವಿಯ ತಲೆ ಕೆಟ್ಟುಹೋಯಿತು. "ಸಾಕಮ್ಮಾ, ನಿಮ್ಮ ದನಿ ಸಾಕೋ ಸಾಕು ನಂಗೆ!" ಎಂದು ಕಿರುಚಿಬಿಟ್ಟಳು.

ಅಯ್ಯೋ, ಆಡಬಾರದ ಮಾತು! ಕರಿಗುಡ್ಡದ ಮಂತ್ರವಾದಿ ಮಂಡಕೇತ ಇಂಥದ್ದಕ್ಕೇ ಕಾಯುತ್ತಿದ್ದ. ಯಾರಾದರೂ ಒಂದು ದನಿಯನ್ನು ಸಾಕು ಅಂದರೆ ಅದು ಅವನ ಪಾಲು. ಕಾಗೆಯಾಗಿ ಬಂದು ಸಿಂಗಾರಮ್ಮನ ದನಿ ಕಚ್ಚಿಕೊಂಡು ಹಾರಿಹೋದ. ಅವರು ಬಾಯಿ ತೆರೆದರು, ಉಸಿರಷ್ಟೇ ಬಂತು. ಕಣ್ಣಲ್ಲಿ ನೀರು ತುಂಬಿತು. ಪಾಠವಿಲ್ಲದ ಸಿಂಗಾರಮ್ಮ ಬದುಕುವುದಾದರೂ ಹೇಗೆ?

"ನನ್ನ ನಾಲಿಗೆಗೆ ಬೆಂಕಿ ಬೀಳ! ತಂದೇ ತರ್ತೀನಿ ಅಮ್ಮಾ," ಎಂದು ಚೆಲುವಿ ಕಾಗೆ ಹಾರಿದ ಕರಿಗುಡ್ಡದ ಕಡೆ ಹೊರಟಳು.

ಗುಡ್ಡದ ಬುಡದಲ್ಲಿ ಕಲ್ಲಾನೆಯೊಂದು ದಾರಿಗೆ ಅಡ್ಡ ನಿಂತಿತ್ತು. "ಏರುವ ಸ್ವರ ಹಾಡು. ತಪ್ಪಿದರೆ ತುಳೀತೀನಿ," ಎಂದಿತು. ಚೆಲುವಿ ಹಾಡಿದಳು. ಆನೆ ಸರಿದು ನಿಂತಿತು.

ಗುಡ್ಡದ ನಡುವೆ ಏಳು ಹೆಡೆಯ ಹಾವು. "ಇಳಿಯುವ ಸ್ವರ ಹಾಡು. ತಪ್ಪಿದರೆ ನುಂಗ್ತೀನಿ."

ಚೆಲುವಿ ಜಾರುತ್ತಿದ್ದುದೇ ಅಲ್ಲಿ. ಕಣ್ಣು ಮುಚ್ಚಿ, ಸಿಂಗಾರಮ್ಮ ಎದುರಿಗೇ ತೊಡೆ ತಟ್ಟುತ್ತ ಕೂತಿದ್ದಾರೆ ಎಂದುಕೊಂಡು ಹಾಡಿದಳು. ಗಾಂಧಾರ ಅಲುಗಾಡದೆ ನಿಂತಿತು! ಹಾವು ಹೆಡೆ ಮಡಚಿ ದಾರಿ ಬಿಟ್ಟಿತು.

ಗುಡ್ಡದ ತುದಿಯ ಗವಿಯಲ್ಲಿ ಬಾಯಿ ಕಟ್ಟಿದ ನೂರಾರು ಗಡಿಗೆಗಳು. ಒಂದೊಂದರಲ್ಲೂ ಒಂದೊಂದು ದನಿ ಮಂತ್ರದ ನಿದ್ದೆಯಲ್ಲಿತ್ತು.

ಮಂಡಕೇತ ಗಹಗಹಿಸಿದ. "ನಿನ್ನ ಗುರುವಿನ ಗಡಿಗೆ ಒಡೆದರೆ ನನ್ನ ಮಂತ್ರ ಮುಗೀತು. ಬೇರೆ ಒಡೆದರೆ ನಿನ್ನ ದನಿಯೂ ನಂದೇ. ಒಂದೇ ಅವಕಾಶ. ಆರಿಸ್ಕೋ!"

"ಅಮ್ಮಾ, ನಾನು ಚೆಲುವಿ," ಎಂದು ಕರೆದಳು. ಯಾವ ಗಡಿಗೆಯೂ ಓಗೊಡಲಿಲ್ಲ. ದಾರಿಯಲ್ಲಿ ಒಲಿದ ಗಾಂಧಾರ ಕೇಳಿಯಾದರೂ ಅಮ್ಮನಿಗೆ ಎಚ್ಚರವಾದೀತೆಂದು, ಏರಿ ಇಳಿದು ಒಂದಿಷ್ಟೂ ತಪ್ಪಿಲ್ಲದೆ ಹಾಡಿದಳು. ಸದ್ದೇ ಇಲ್ಲ. ಚೆಲುವಿಗೆ ಅಳು ಒತ್ತರಿಸಿ ಬಂತು.

ಆಗ ಥಟ್ಟನೆ ಹೊಳೆಯಿತು. ಅಲ್ಲ, ಸರಿಯಾಗಿ ಹಾಡಿದರೆ ಅಮ್ಮ ಯಾವತ್ತು ಬಾಯಿ ಬಿಟ್ಟಿದ್ದಾರೆ?

ಕಣ್ಣೊರೆಸಿಕೊಂಡಳು. ಮತ್ತೆ ಹಾಡಿದಳು. ಇಳಿಯುತ್ತ ಇಳಿಯುತ್ತ, ಬೇಕೆಂದೇ ಗಾಂಧಾರವನ್ನು ಜಾರಿಸಿದಳು.

ಮೂಲೆಯ ಕರೀ ಗಡಿಗೆ ಗಡಗಡ ನಡುಗಿತು. "ಅಲ್ಲ ಕಣೇ! ಇನ್ನೊಂದ್ ಸಲ!"

ನಿದ್ದೆಯ ಮಂತ್ರವೇನು, ಯಮನೇ ಬಂದರೂ ಸಿಂಗಾರಮ್ಮ ಆ ತಪ್ಪು ಸಹಿಸುವವರೇ? ಚೆಲುವಿ ನಗುತ್ತ ಅಳುತ್ತ ಆ ಗಡಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಉಳಿದವೂ ಪಟಪಟನೆ ಒಡೆದವು. ದನಿಗಳೆಲ್ಲ ತಂತಮ್ಮ ಮನೆಗೆ ಹಾರಿದವು. ಮಂಡಕೇತ ತಾನೇ ಒಂದು ಖಾಲಿ ಗಡಿಗೆಯಾದ. ಗಾಣದ ಮನೆಯವರು ಅದರಲ್ಲಿ ಹಿಂಡಿ ತುಂಬಿಟ್ಟರು.

ಮರುದಿನ ಬೆಳಿಗ್ಗೆ ಚೆಲುವಿ ಪಾಠಕ್ಕೆ ಕೂತು ತಪ್ಪಿಲ್ಲದೆ ಹಾಡಿದಳು. ಸಿಂಗಾರಮ್ಮ ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆ ಎಂಥ ಹೊಗಳಿಕೆಯೆಂದು ಚೆಲುವಿಗೆ ಈಗ ಗೊತ್ತಿತ್ತು.

ಹಂಸಾವತಿಯ ಜನ ಹಾಡುತ್ತ ನಗುತ್ತ ಬಹುಕಾಲ ಬಾಳಿದರು. ಚೆಲುವಿಗೂ ಹೆಸರು ಬಂತು, ಅರಮನೆಯಿಂದ ಕರೆ ಬಂತು. ಆದರೂ ಗುರುವಿನ ಜಗಲಿಗೆ ಬಂದಾಗಲೆಲ್ಲ ಒಂದು ಸಲವಾದರೂ ಬೇಕೆಂದೇ ಗಾಂಧಾರ ಜಾರಿಸಿ, ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳಂತೆ.