ಹೂವಪ್ಪನ ಗದ್ದೆಗೆ ಚರಗ ಬೀರಿದವರು ಯಾರು?

ಹೂವಪ್ಪನ ಹೆಣ ಮೊದಲು ಕಂಡದ್ದು ಅವನ ಹೆಂಡತಿ ದುಗ್ಗಮ್ಮನಿಗೆ. ೧೯೬೩ರ ಭೂಮಿ ಹುಣ್ಣಿಮೆಯ ಬೆಳಗು. ಪೂಜೆಯ ಸಾಮಾನು ಹೊತ್ತು ಗದ್ದೆಗೆ ಬಂದವಳು ಬೇಲಿಯ ತಡಬೆ ದಾಟುತ್ತಿದ್ದ ಹಾಗೆಯೇ ನಿಂತುಬಿಟ್ಟಳು. ಗಂಡ ಬೋರಲು ಬಿದ್ದಿದ್ದ. ಹಿಂದಲೆ ಒಡೆದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಬೇಲಿಗೂಟ, ಬರಿದಾದ ಬುಟ್ಟಿ, ಕೆಸರುನೀರಿಗೆ ಬಿದ್ದು ಆರಿದ ಸೂಡಿ.

ಭೂಮಿ ಹುಣ್ಣಿಮೆಯೆಂದರೆ ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬ. ಪೈರು ಹೊಡೆ ತುಂಬಿ ನಿಂತಿರುತ್ತದೆ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಬುಟ್ಟಿ ಹೊತ್ತು, ಒಣಗರಿ ಕಟ್ಟಿದ ಸೂಡಿ ಉರಿಸಿಕೊಂಡು ಹೊರಡುತ್ತಾನೆ. ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತ, ಸೊಪ್ಪು ತರಕಾರಿ ಅನ್ನ ಕಲಸಿದ ಚರಗವನ್ನು ಗದ್ದೆಯ ಸುತ್ತ ಬೀರುತ್ತಾನೆ. ಅಂಥ ದಿನ, ಅಂಥ ಕೆಲಸಕ್ಕೆ ಹೋದವನನ್ನು ಹಿಂದಿನಿಂದ ಬಡಿದು ಕೊಂದಿದ್ದರು.

ಪೊಲೀಸರು ಹೆಚ್ಚು ಯೋಚಿಸಲಿಲ್ಲ. ಗೂಟ ಪಕ್ಕದ ಗದ್ದೆಯ ಜಟ್ಟಪ್ಪನ ಬೇಲಿಯದು. ಹಬ್ಬಕ್ಕೆ ಸ್ವಲ್ಪ ಮೊದಲು ನೀರಿನ ಸರದಿಗೆ ಇಬ್ಬರೂ ಜಗಳವಾಡಿದ್ದರು. ಆ ನಸುಕಿನಲ್ಲಿ ಜಟ್ಟಪ್ಪನೂ ತನ್ನ ಗದ್ದೆಗೆ ಚರಗ ಬೀರುತ್ತಿದ್ದ. ಇನ್ನೇನು ಬೇಕು? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಅವನನ್ನು ಎಳೆದುಕೊಂಡು ಹೋದರು, ಬಡಿದರು, ಕೋರ್ಟಿಗೆ ಹಾಜರುಪಡಿಸಿದರು. ಸಾಕ್ಷಿ ಸಾಲದೆಂದು ಕೋರ್ಟು ಬಿಟ್ಟಿತು. ಪತ್ತೆಯಾಗದ ಕೊಲೆ ಎಂದು ಬರೆದು ಪೊಲೀಸರು ಕೈತೊಳೆದುಕೊಂಡರು.

ಆದರೆ ಕೋರ್ಟು ಬಿಟ್ಟವನನ್ನು ಊರು ಬಿಡಲಿಲ್ಲ. ಜಟ್ಟಪ್ಪನ ಮನೆಗೆ ಮುಯ್ಯಾಳು ನಿಂತುಹೋಯಿತು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ—ಈ ಲೆಕ್ಕವಿಲ್ಲದೆ ಮಲೆನಾಡಿನಲ್ಲಿ ಬಡವನ ನಾಟಿಯೂ ಆಗದು, ಕೊಯ್ಲೂ ಆಗದು. ಗಂಡ ಹೆಂಡತಿ ಇಬ್ಬರೇ ಕೊಯ್ದಷ್ಟು ಮನೆಗೆ, ಉಳಿದದ್ದು ಗಿಳಿಗೆ, ಹಂದಿಗೆ. ಗೇಣಿ ಬಾಕಿ ಬಿತ್ತು. ಈ ಸಲವೂ ಬೆಳೆ ಗದ್ದೆಯಲ್ಲೇ ಉದುರಿದರೆ ಗದ್ದೆಯನ್ನೇ ಬಿಡಿಸುವುದಾಗಿ ಒಡೆಯ ಮುಕುಂದಯ್ಯ ಹೇಳಿ ಕಳಿಸಿದ್ದರು.

ಮೂರನೆಯ ವರ್ಷದ ಕೊಯ್ಲಿನಲ್ಲಿ ಜಟ್ಟಪ್ಪನ ಹೆಂಡತಿ ಮೀನಾಕ್ಷಮ್ಮ ಸಾಗರಕ್ಕೆ ಬಂದು, ಆಗಷ್ಟೇ ವರ್ಗವಾಗಿ ಬಂದಿದ್ದ ಸಬ್‌ಇನ್ಸ್‌ಪೆಕ್ಟರ್ ಮಹಾಗಣಪತಿಯ ಮುಂದೆ ನಿಂತಳು.

"ನಮ್ಮನ್ನ ಬಿಟ್ಟಿದ್ದು ಸಾಲ್ದು ಸ್ವಾಮಿ. ಕೊಂದವ್ನ ಹಿಡ್ದು ಕೊಡಿ. ಇಲ್ದಿದ್ರೆ ನಾವು ಊರು ಬಿಟ್ಟು ಹೋಗ್ಬೇಕು."

ಮಹಾಗಣಪತಿ ತೀರ್ಥಹಳ್ಳಿ ಕಡೆಯ ರೈತಮನೆಯವನು. ಮೂಗಿನ ತುದಿಯಲ್ಲೇ ಕೋಪ. ಕಡತ ತರಿಸಿ ಓದಿದ. ಓದಿದಷ್ಟೂ ಕೋಪ ಏರಿತು. ಕೊಲೆಯಾದ ಗದ್ದೆಯ ಸುತ್ತ ನಡೆದು ನೋಡುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಕೊನೆಗೆ ಜಪ್ತಿ ಮಾಲಿನ ಕೋಣೆಯಿಂದ ಹಳೆಯ ಗೋಣಿಚೀಲ ಇಳಿಸಿ ಬಿಚ್ಚಿಸಿದ. ಗೂಟ, ಬುಟ್ಟಿ, ಸೂಡಿ. ಸೂಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಮರುದಿನ ಜಟ್ಟಪ್ಪನನ್ನು ಕೇಳಿದ—ಆ ದಿನ ಕಂಡದ್ದೇನು?

"ತಡಬೆ ಹತ್ರ ಹೂವಪ್ಪನ ಸೂಡಿ ಬೆಳಕು ಕಂಡ್ತು. ಒಂದ್ಸಲ ಕೂಗಿದ್ದೂ ಕೇಳ್ತು. ಆಮೇಲೆ ಬೆಳಕು ಆರಿತು, ಕೂಗೂ ಇಲ್ಲ."

"ಪೊಲೀಸರಿಗೆ ಹೇಳಿದೆಯಾ?"

"ಹೇಳ್ದೆ. ಸುಳ್ಳು ಅಂತ ಹೊಡೆದ್ರು."

ಮುಕುಂದಯ್ಯನವರ ಪಾರುಪತ್ಯಗಾರ ಗೋಪಾಲಪ್ಪನ ಮೇಲೂ ಅನುಮಾನವಿತ್ತು. ಹೂವಪ್ಪನಿಗೆ ಗದ್ದೆ ಬಿಡು ಎಂದು ಬೆದರಿಸುತ್ತಿದ್ದವನು ಅವನೇ. ಮೊದಮೊದಲು ಗೋಪಾಲಪ್ಪ ಹಾರಾಡಿದ. ಮಹಾಗಣಪತಿ ಒಡೆಯರ ಮನೆಯ ಕಾಫಿಯನ್ನೂ ಮುಟ್ಟದಿದ್ದಾಗ ತಣ್ಣಗಾದ. ಗೇಣಿದಾರರಿಗೆ ಹಕ್ಕು ಕೊಡುವ ಕಾನೂನಿನ ಸುದ್ದಿ ಹಬ್ಬಿತ್ತು. ಆಗ ಬಹಳ ಕಾಲದಿಂದ ಉಳುವವರನ್ನು ಕದಲಿಸಲು ಒಡೆಯರು ಹುಡುಕಿದ ಉಪಾಯವನ್ನು ಬಾಯಿಬಿಟ್ಟ. ಗದ್ದೆಯಲ್ಲಿ ನಿನ್ನ ತಮ್ಮನಿಗೆ ಪಾಲು ಕೊಟ್ಟರೆ ಇಬ್ಬರನ್ನೂ ಬಿಡಿಸುತ್ತೇನೆಂದು ಹೂವಪ್ಪನಿಗೆ ಹೇಳಿದ್ದರು. ಅಣ್ಣ ಇಲ್ಲದಿದ್ದರೆ ಗೇಣಿ ನಿನಗೇ ಎಂದು ತಮ್ಮ ಜಯಪ್ಪನಿಗೆ ಹೇಳಿದ್ದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ—ದೊಡ್ಡವರಿಗೆ ಈ ಗಾದೆಯನ್ನು ಯಾರೂ ಕಲಿಸಬೇಕಿಲ್ಲ.

ಜಯಪ್ಪನೋ? ಆ ದಿನ ಜ್ವರ ಬಂದು ಮಲಗಿದ್ದೆ ಎಂದಿದ್ದ. ಈಗ ಆ ಗದ್ದೆ ಅವನ ಗೇಣಿಗಿತ್ತು. ಅತ್ತಿಗೆ ದುಗ್ಗಮ್ಮನೂ ಅವನ ಮನೆಯಲ್ಲೇ ಉಂಡುಕೊಂಡಿದ್ದಳು. ಒಳ್ಳೆಯ ಮೈದುನ ಎಂದು ಊರು ಹೊಗಳುತ್ತಿತ್ತು.

ಮಹಾಗಣಪತಿ ದುಗ್ಗಮ್ಮನನ್ನು ಮಾತಾಡಿಸಿದ. ಆಕೆ ತಲೆ ತಗ್ಗಿಸಿಕೊಂಡೇ ಉತ್ತರಿಸಿದಳು.

"ಸೂಡಿ ಕಟ್ಟಿಕೊಟ್ಟವರು ಯಾರಮ್ಮ?"

"ನಾನೇ. ಒಂದೇ ಕಟ್ಟಿದ್ದೆ. ಮೋಡ ಇತ್ತಲ್ಲ, ಹುಣ್ಣಿಮೆ ಬೆಳಕು ಇರ್ಲಿಲ್ಲ. ಗದ್ದೆ ಸುತ್ತಿ ಬರಕೆ ಒಂದು ಸೂಡಿ ಬೇಕು."

"ನೀವು ಹೋದಾಗ ಚರಗ ಎಲ್ಲಿ ಬಿದ್ದಿತ್ತು?"

"ಸುತ್ತಲೂ ಬೀರಿತ್ತು ಸ್ವಾಮಿ. ಹಲಸಿನ ಬುಡದ ಪೊದೆ ಒಳಗೆ ನಮ್ಮನೆ ಚೌಡಿ ಕಲ್ಲಿದೆ, ಅದ್ಕೂ ಎಲೆ ಹಾಕಿ ಎಡೆ ಇಟ್ಟಿತ್ತು. ಕೆಲ್ಸ ಮುಗಿಸ್ಕಂಡೇ ಜೀವ ಬಿಟ್ರು ಅಂತ ನಾನು ಸಮಾಧಾನ ಮಾಡ್ಕಂಡಿದೀನಿ."

ಆ ಸಮಾಧಾನವನ್ನು ಮಹಾಗಣಪತಿ ತಾನೇ ಕಿತ್ತುಕೊಳ್ಳಬೇಕಿತ್ತು.

ಎರಡು ದಿನ ಬಿಟ್ಟು ಆತ ಹೂವಪ್ಪನ ಗದ್ದೆಗೇ ಬಂದ. ಹಗಲು ಹೊತ್ತು, ಊರೆಲ್ಲ ಅಲ್ಲಿತ್ತು. ಜಯಪ್ಪನ ಕೊಯ್ಲಿಗೆ ಮುಯ್ಯಾಳು ಸಾಲುಗಟ್ಟಿ ಕೂತಿತ್ತು. ಬೇಲಿಯಾಚೆ ಜಟ್ಟಪ್ಪನ ಬೆಳೆ ಹಣ್ಣಾಗಿ ಒರಗಿತ್ತು. ಅಲ್ಲಿ ಅವನದೂ ಮೀನಾಕ್ಷಮ್ಮನದೂ ಎರಡೇ ಕುಡುಗೋಲು. ಮಹಾಗಣಪತಿ ದುಗ್ಗಮ್ಮನನ್ನೂ ಜಟ್ಟಪ್ಪನ ಮನೆಯವರನ್ನೂ ಕರೆಸಿ, ಸೂಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ಇದು ಹೂವಪ್ಪನ ಸೂಡಿ. ಎಷ್ಟು ಉರಿದಿದೆ, ನೋಡಿ."

ತುದಿ ಮಾತ್ರ ಕರಿಯಾಗಿತ್ತು. ಉಳಿದದ್ದೆಲ್ಲ ಕಟ್ಟಿದ ಹಾಗೇ ಇತ್ತು.

"ಗದ್ದೆ ಸುತ್ತಿ ಬಂದಿದ್ದರೆ ಇದು ಕೈ ಸುಡುವಷ್ಟು ಮೋಟಾಗಿರಬೇಕಿತ್ತು. ನಮ್ಮ ಮನೆಯಲ್ಲಿ ನಾನೂ ಚರಗ ಬೀರಿದವನೇ. ಹೂವಪ್ಪ ಗದ್ದೆ ಸುತ್ತಲೇ ಇಲ್ಲ. ತಡಬೆ ದಾಟಿದ, ಒಮ್ಮೆ ಕೂಗಿದ, ಸತ್ತ. ಜಟ್ಟಪ್ಪ ಹೇಳಿದ್ದು ನಿಜ. ಹಾಗಾದರೆ ಚರಗ ಬೀರಿದವರು ಯಾರು?"

ದುಗ್ಗಮ್ಮ ನಿಧಾನವಾಗಿ ತಲೆ ಎತ್ತಿದಳು.

"ಬುಟ್ಟಿ ಬರಿದಾಗಿದೆ ಅಂದ ಕೂಡಲೇ ಕೆಲಸ ಮುಗಿಸಿ ಸತ್ತ ಅಂದುಕೊಂಡರು. ಪೊಲೀಸರು ಎಡವಿದ್ದು ಅಲ್ಲೇ. ಕೊಂದವನು ಆ ಬುಟ್ಟಿ ಹೊತ್ತು, ಕತ್ತಲಲ್ಲಿ, ಬೆಳಕಿಲ್ಲದೆ, ಕೂಗದೆ, ಗದ್ದೆ ಪೂರ್ತಿ ಸುತ್ತಿದ್ದಾನೆ. ಜಟ್ಟಪ್ಪನಿಗೆ ಇನ್ನೊಬ್ಬರ ಗದ್ದೆ ಹಸಿದರೆ ಏನು? ಗೋಪಾಲಪ್ಪನಿಗೆ ಈ ಬದುವೇ ಗೊತ್ತಿಲ್ಲ. ಪೊದೆಯೊಳಗಿನ ಚೌಡಿ ಕಲ್ಲು ಹೂವಪ್ಪನ ಮನೆಯವರನ್ನು ಬಿಟ್ಟು ಯಾರಿಗೂ ತಿಳಿಯದು. ಈ ಗದ್ದೆಗೆ ಉಣಿಸಲೇಬೇಕು ಎನ್ನುವ ಚಿಂತೆ ಯಾರಿಗೆ? ಮುಂದೆ ಇದರ ಅನ್ನ ಉಣ್ಣುವವನಿಗೆ."

ಎಲ್ಲರ ಕಣ್ಣೂ ಜಯಪ್ಪನ ಕಡೆ ತಿರುಗಿದವು. ಅವನು ಅತ್ತಿಗೆಯ ಮುಖ ನೋಡಿದ. ಅಲ್ಲಿ ಏನು ಕಂಡನೋ, ಕುಡುಗೋಲು ಕೈಯಿಂದ ಜಾರಿತು.

"ನಿನಗೆ ಜ್ವರ ಇತ್ತಾ ಜಯಪ್ಪ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಬಸುರಿ ಸ್ವಾಮಿ ಭೂಮ್ತಾಯಿ," ಎಂದ ಮೆಲ್ಲಗೆ. "ಉಪಾಸ ಹೆಂಗೆ ಬಿಡದು?"

"ಭೂಮಿಗೆ ಉಪವಾಸ ಬೇಡ. ಬೇಲಿಯಾಚೆ ಇರೋ ಸಂಸಾರ ಮೂರು ವರ್ಷ ಉಪವಾಸ ಬಿದ್ದದ್ದು ಕಾಣಲಿಲ್ವಾ ನಿನಗೆ? ನಿನ್ನ ಪಾಪಕ್ಕೆ ಅವರ ಬೆಳೆ ಉದುರ್ತಾ ಇದ್ದಾಗ ನೀನು ಇದೇ ಮುಯ್ಯಾಳಿಗೆ ಊಟ ಹಾಕ್ತಿದ್ದೆಯಲ್ಲ."

ಮಹಾಗಣಪತಿಯ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಜಯಪ್ಪನಿಗೇನೋ ಕೋಳ ಹಾಕಬಹುದು. ಅಣ್ಣತಮ್ಮಂದಿರ ನಡುವೆ ಕಡ್ಡಿ ಗೀರಿ, ಜಗುಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದ ಮುಕುಂದಯ್ಯನಿಗೆ ಹಾಕಲು ಯಾವ ಸೆಕ್ಷನ್ನೂ ಇರಲಿಲ್ಲ. ಆತ ಜಯಪ್ಪನನ್ನು ಮುಂದೆ ಮಾಡಿಕೊಂಡು ಹೊರಟ.

ಊರ ಹಿರಿಯ ಕನ್ನಪ್ಪ ಮುಯ್ಯಾಳನ್ನೆಲ್ಲ ಕರೆದುಕೊಂಡು ಜಟ್ಟಪ್ಪನ ಬೇಲಿಯ ಹತ್ತಿರ ಹೋಗಿ, ಆದದ್ದಾಯಿತು, ಇವತ್ತೇ ಎಲ್ಲರೂ ಸೇರಿ ಕೊಯ್ದುಕೊಡುತ್ತೇವೆ ಎಂದ. ಜಟ್ಟಪ್ಪ ಹೆಂಡತಿಯ ಮುಖ ನೋಡಿದ.

ಮೀನಾಕ್ಷಮ್ಮ ಬದುವಿನ ಮೇಲೆ ಅಡ್ಡ ನಿಂತಿದ್ದಳು.

"ಬೇಡ ಕನ್ನಪ್ಪಣ್ಣ. ಕೋರ್ಟು ಬಿಟ್ಟ ದಿನ ಬಂದಿದ್ರೆ ಕಾಲು ತೊಳ್ದು ಕರೀತಿದ್ದೆ. ಇವತ್ತು ಒಬ್ರೂ ಇಳೀಬೇಡಿ."

ಗುಂಪು ಅಲ್ಲೇ ನಿಂತಿತು. ಅದರ ನಡುವಿನಿಂದ ದುಗ್ಗಮ್ಮ ಬಂದಳು. ಅವಳ ಮನೆ, ಅನ್ನ, ಗಂಡ ಕೆಲಸ ಮುಗಿಸಿ ಸತ್ತನೆಂಬ ಸಮಾಧಾನ, ಎಲ್ಲವೂ ಆ ಒಂದು ಮಧ್ಯಾಹ್ನದಲ್ಲಿ ಹೋಗಿತ್ತು. ಮೂರು ವರ್ಷದಿಂದ ಮೀನಾಕ್ಷಮ್ಮನನ್ನು ಕಂಡಾಗೆಲ್ಲ ಮುಖ ತಿರುಗಿಸಿದ್ದವಳು ಈಗ ಬದು ಇಳಿದು, ಕುಡುಗೋಲು ಹಿಡಿದು ಕೊಯ್ಯಲು ಕೂತಳು.

ಮೀನಾಕ್ಷಮ್ಮ ಅವಳನ್ನು ತಡೆಯಲಿಲ್ಲ. ತಾನೂ ಇಳಿದು ಅವಳ ಪಕ್ಕದ ಸಾಲಿಗೆ ಕೂತಳು.