ಬಾಟಲಿಗೆ ಹೋದ ತುಂಡು

ಕೋಳಿರೋಗದ ಪ್ರಯೋಗಾಲಯದ ಅಂದಾಂಜೆ ನನ್ನ ಅಂಗಳಕ್ಕೆ ಬಂದ ದಿನವೇ ನನ್ನ ಕೋಳಿಯ ಪ್ರಾಣ ಕೇಳಿದ. ನಾನು ಪೊರಕೆ ಎತ್ತಿಕೊಂಡೆ.

ಶೆಡ್ಡಿನ ಮರಿಗಳಿಗೆ ನೀರಲ್ಲಿ ಆಂಟಿಬಯಾಟಿಕ್ ಪುಡಿ ಎಷ್ಟು ಕಲಸಿ ಕೊಟ್ಟರೂ ಭೇದಿ ಹತ್ತಿ ಸಾಯುತ್ತಿದ್ದವು. ಬಂಡೆಗಳ ನಡುವೆ ಗೆದ್ದಲು ಹೆಕ್ಕುತ್ತ ತಿರುಗುವ ನನ್ನ ಕಂದು ಹೇಂಟೆ ಮಾತ್ರ ಆರು ವರ್ಷದಿಂದ ಒಮ್ಮೆಯೂ ಕಾಯಿಲೆ ಬಿದ್ದು ತೂಕಡಿಸಿರಲಿಲ್ಲ. ಅದರ ಕರುಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರಬೇಕು, ಸಿಕ್ಕರೆ ಪುಡಿಯ ಹಂಗೇ ಬೇಡ ಅಂದ ಆ ಮನುಷ್ಯ. ಕರುಳು ಕೊಡಲ್ಲ ಅಂದೆ. ಹಾಗಾದರೆ ಹಿಕ್ಕೆಯಾದರೂ ಸಾಕು ಅಂದ.

ಅಲ್ಲಿಂದ ದಿನಾ ಬೆಳಿಗ್ಗೆ, ನಮ್ಮ ವಿಹಿಗಾ ಸೀಮೆಯ ಬಂಡೆಗಳ ಮೇಲೆ ಮಂಜು ಇನ್ನೂ ಮಲಗಿರುವಾಗ, ಬಾಟಲಿ ಹಿಡಿದು ಹೇಂಟೆಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ನಾನು ಟೀ ಕಾಯಿಸುವ ನೆಪದಲ್ಲಿ ಅವನ ಕತ್ತಿನ ಮೇಲೆ ಇಬ್ಬನಿ ಹೊಳೆಯುವುದನ್ನು ನೋಡುತ್ತಿದ್ದೆ. ಅವನು ತಿರುಗಿದರೆ ನನ್ನ ಕಣ್ಣು ಒಲೆಗೆ. ನಲವತ್ತೈದರ ವಿಧವೆಗೆ ಇದೆಂಥ ಆಟ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಕಗೇಹ ಬೇಲಿ ಆಚೆಯಿಂದ ಕೇಳಿದಳು: "ಮುಹೊಂಜಾ ಅಕ್ಕಾ, ಡಾಕ್ಟ್ರು ಕಾಯ್ತಿರೋದು ಕೋಳಿನೋ, ಕೋಳಿ ಯಜಮಾನಿನೋ?"

"ಹಿಕ್ಕೆ ಹೊರೋನಿಗೆ ಯಜಮಾನಿ ಯಾಕೆ?" ಅಂದೆ. ಅವನು ನಕ್ಕಿದ್ದು ಬೆನ್ನಲ್ಲೇ ಕಾಣಿಸಿತು.

ಬೇಕಾದದ್ದು ಹಿಕ್ಕೆಯಲ್ಲೇ ಸಿಕ್ಕಿತು. ಅದನ್ನು ಬೆಳೆಸಿ ತಂದು ನನ್ನ ಐವತ್ತು ಮರಿಗಳ ನೀರಿಗೆ ಬೆರೆಸಿದ. ಆರು ವಾರ ಪುಡಿ ಮುಟ್ಟಲಿಲ್ಲ. ಸತ್ತದ್ದು ಎರಡೇ. ಅವುಗಳ ಕರುಳನ್ನು ಬಾಳೆಲೆಯಲ್ಲಿಟ್ಟು ಪರೀಕ್ಷೆಗೆ ನಾನೇ ಕೊಟ್ಟೆ. ಉಳಿದವು ಶೆಡ್ಡು ತುಂಬ ರೆಕ್ಕೆ ಬಡಿದವು.

ಕೆಲಸ ಮುಗಿಯಿತು. ಇನ್ನು ಬರಲು ಅವನಿಗೆ ಕಾರಣವೇ ಇರಲಿಲ್ಲ.

ಕೊನೆಯ ದಿನ ಊಟಕ್ಕೆ ಕರೆದು ಹುಂಜ ಕೊಯ್ದೆ. ಕೋಳಿಯ ಹೊಟ್ಟೆಯೊಳಗೆ ಕಾಳು ಅರೆಯುವ ಆ ಗಟ್ಟಿ ತುಂಡು ನಮ್ಮಲ್ಲಿ ಮನೆಯ ಗಂಡಸಿಗೆ ಮಾತ್ರ. ಗಂಡ ಹೋದ ಮೇಲೆ ಏಳು ವರ್ಷ ಅದನ್ನು ಬೆಕ್ಕಿಗೆ ಹಾಕಿದ್ದೆ. ಅವತ್ತು ಹುರಿಯಲೆಂದು ಚೆನ್ನಾಗಿ ತೊಳೆದು ಬಾಳೆಲೆಯ ಮೇಲೆ ಬೇರೆ ಇಟ್ಟೆ. ನೀರು ತರುವಷ್ಟರಲ್ಲಿ ಆ ಮಹಾನುಭಾವ ಅದನ್ನು ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ನೆನಪಿಟ್ಟು ಎತ್ತಿಟ್ಟಿದ್ದಕ್ಕೆ ನನಗೆ ಥ್ಯಾಂಕ್ಸ್ ಬೇರೆ ಹೇಳಿದ.

ನನಗೆ ನೆತ್ತಿ ಉರಿಯಿತು. "ಪರೀಕ್ಷೆಗಲ್ಲ ಕಣೋ. ನಿನ್ನ ತಟ್ಟೆಗೆ ಇಟ್ಟಿದ್ದೆ."

ಅವನು ಬಾಟಲಿ ನೋಡಿದ, ನನ್ನನ್ನು ನೋಡಿದ. ಅವನೂ ಈ ಕಡೆಯವನೇ, ಅರ್ಥ ಗೊತ್ತಿತ್ತು. ಎದ್ದು ಹೋದ. ಬಡಿಸಿದ ಉಗಾಲಿ, ಆ ಜೋಳದ ಹಿಟ್ಟಿನ ಮುದ್ದೆ, ತಟ್ಟೆಯಲ್ಲೇ ಆರಿತು. ನಾನೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಮಂಜಿನೊಳಗಿಂದ ನಿಧಾನವಾಗಿ ನಡೆದು ಬಂದ. ಮೊದಲ ಸಲ ಕೈಯಲ್ಲಿ ಬಾಟಲಿ ಇರಲಿಲ್ಲ. ಕಂಕುಳಲ್ಲಿ ಕೆಂಪು ಹುಂಜವೊಂದು ಒದ್ದಾಡುತ್ತಿತ್ತು.

"ಇದನ್ನ ಕೊಯ್ಯಿ, ಮುಹೊಂಜಾ," ಅಂದ. "ಆ ತುಂಡು ನಾನೇ ತಿಂತೀನಿ. ಇವತ್ತೂ, ಇನ್ನು ಮುಂದೂ."

ಕಂದು ಹೇಂಟೆ ನಮ್ಮಿಬ್ಬರ ನಡುವೆ ಬಂದು ಅವನ ಬೂಟಿನ ಪಕ್ಕದಲ್ಲೇ ಹಿಕ್ಕೆ ಹಾಕಿತು. ಅವನು ಆ ಕಡೆ ನೋಡಲೂ ಇಲ್ಲ.