ಎಡಗೈ ಸುತ್ತಿದ ತಂತಿ

ಗಾಡಿ ಬಂದದ್ದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಮೈತುಂಬ ಅರಿಶಿನ ಬಳಿದುಕೊಂಡು.

ಇಪ್ಪತ್ತೇಳು ವರ್ಷ ಸಾಂಗಲಿಯ ಅರಿಶಿನದ ವಖಾರದಲ್ಲಿ, ಗೋದಾಮಿನ ಮೂಲೆಯಲ್ಲಿ, ನಿಂತ ಆಸ್ಟಿನ್ ಕಾರು ಅದು. ಹಸಿರು ಬಣ್ಣ ಎಲ್ಲೋ ಒಳಗೆ ಉಳಿದಿತ್ತು, ಮೇಲೆಲ್ಲ ಹಳದಿ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ತನ್ನ ವರ್ಕಶಾಪಿನ ಬಾಗಿಲಲ್ಲಿ ನಿಂತಿದ್ದ ಕಾಂಚನಳಿಗೆ ನಗು ತಡೆಯಲಾಗಲಿಲ್ಲ.

"ಏನ್ರಿ ಸಾಹುಕಾರ್ರ, ಅರಿಶಿಣಾ ಹಚ್ಚಿ ತಂದೀರಿ! ಲಗ್ನದ ಗಾಡಿ ಏನು?"

ಟ್ರ್ಯಾಕ್ಟರಿನಿಂದ ಇಳಿದವನು ಬಿಳಿ ಅಂಗಿಯ ಧೂಳು ಕೊಡವಿಕೊಂಡ.

"ಅಲ್ಲರಿ. ನಮ್ಮಪ್ಪ ಸತ್ತ ಗಾಡಿ."

ಕಾಂಚನಳ ನಗು ಅಲ್ಲೇ ನಿಂತಿತು. ಅವನೇ ಅವಳನ್ನು ಪಾರು ಮಾಡಿದ. "ನಗ್ರಿ, ಪರವಾಗಿಲ್ಲ. ಇದನ್ನ ನೋಡಿ ಇಷ್ಟು ವರ್ಷದಾಗ ಯಾರೂ ನಕ್ಕಿಲ್ಲ. ನೀವ ಮೊದಲನೇದವ್ರು."

ಅವನ ಹೆಸರು ಅಭಿಜಿತ. ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ. ವಖಾರ ಕೆಡವಿ ಶಾಪಿಂಗ್ ಸೆಂಟರ್ ಕಟ್ಟಿಸುತ್ತಿದ್ದಾರೆ, ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಕುಪವಾಡದಲ್ಲಿ ಹಳೆಯ ಗಾಡಿಯ ನಾಡಿ ಹಿಡಿಯುವವಳು ಒಬ್ಬಳೇ, ಅವಳೂ ಹೆಣ್ಣುಮಗಳು ಎಂದು ಯಾರೋ ಹೇಳಿದ್ದರಂತೆ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಂಚನಳ ಅಪ್ಪ ಕಾಡಸಿದ್ದಪ್ಪ ಚಹಾ ಕುಡಿಯುತ್ತ ಕುಳಿತಿದ್ದ. ನಲವತ್ತು ವರ್ಷ ಪಾನಾ ಹಿಡಿದು ಬೋಲ್ಟು ಬಿಗಿದ ಎಡಗೈ ಈಗ ನಡುಗುತ್ತದೆ, ಕೆಲಸವೆಲ್ಲ ಮಗಳದೇ. ಮಗಳು ಗಾಡಿಯ ನಂಬರ್ ಪ್ಲೇಟಿನ ಅರಿಶಿನ ಒರೆಸುವುದನ್ನು ಅವನು ನೋಡಿದ. ನಂಬರ್ ನೋಡಿದ. ಕಪ್ಪು ಕೆಳಗಿಟ್ಟು ಎದ್ದು, ಯಾರಿಗೂ ಏನೂ ಹೇಳದೆ ಮನೆಯ ಹಾದಿ ಹಿಡಿದ. ಚಹಾ ಅರ್ಧ ಹಾಗೇ ಉಳಿಯಿತು. ಕಾಡಸಿದ್ದಪ್ಪ ಚಹಾ ಬಿಟ್ಟು ಎದ್ದದ್ದನ್ನು ಕಾಂಚನ ಅದುವರೆಗೆ ಕಂಡಿರಲಿಲ್ಲ.

"ಆ ಗಾಡಿ ತಿರುಗಿ ಕಳಿಸು" ಎಂದ ಊಟಕ್ಕೆ ಕುಳಿತಾಗ. "ಒಂದ ಜೀವಾ ತಿಂದೈತಿ ಅದು."

"ಗಾಡಿ ತಿಂತಾವೇನ ಅಪ್ಪಾ? ಗಾಡ್ಯಾಗ ಏನರೆ ಕೆಟ್ಟಿರತೈತಿ. ನೀನ ಕಲಿಸಿದ್ದು."

ಕಾಡಸಿದ್ದಪ್ಪ ತಾಟಿನ ಮುಂದಿನಿಂದ ಎದ್ದು ಕೈ ತೊಳೆದ. ಮರುದಿನದಿಂದ ವರ್ಕಶಾಪಿನ ಕಡೆ ಸುಳಿಯಲಿಲ್ಲ.

*

ಮಳೆಗಾಲವಿಡೀ ಕೆಲಸ ನಡೆಯಿತು. ಹೊಸ ಮಾರುತಿಗಳು ರಸ್ತೆ ತುಂಬುತ್ತಿದ್ದ ಕಾಲ. ರಿಪೇರಿ ಎಂದರೆ ಹಳೆಯದನ್ನು ಬಿಸಾಕಿ ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಹಾಕುವುದು ಎಂದಾಗಿತ್ತು. ಈ ಗಾಡಿಗೆ ಪೆಟ್ಟಿಗೆಯೇ ಇಲ್ಲ. ಕಾಂಚನ ಲೇಥಿನ ಮೇಲೆ ತಾನೇ ಬುಶ್ ಕಡೆದಳು, ವಾಲ್ವ್ ತಿಕ್ಕಿದಳು, ಜಜ್ಜಿದ ಮೂತಿಯನ್ನು ಬಡಿದು ಬಡಿದು ನೆಟ್ಟಗೆ ಮಾಡಿಸಿದಳು.

ಅಭಿಜಿತ ಪೇಟೆ ಮುಗಿಸಿ ದಿನಾ ಬರುತ್ತಿದ್ದ. ಮೊದಲು ಒಂದೊಂದು ನೆಪ ಇರುತ್ತಿತ್ತು. ಬಾಗಿಲಿನ ರಬ್ಬರು, ದೀಪದ ಗಾಜು. ಆಮೇಲೆ ನೆಪ ಮುಗಿದವು, ಬರುವುದು ಮುಗಿಯಲಿಲ್ಲ. ಜೈನರ ಮನೆಯವನು, ಚಾತುರ್ಮಾಸವಾದ್ದರಿಂದ ಹೊತ್ತು ಮುಳುಗುವ ಮೊದಲು ಅವನ ಊಟ ಆಗಬೇಕು. ಬಿಸಿಲು ಎದುರಿನ ಫ್ಯಾಕ್ಟರಿಯ ತಗಡಿಗೆ ಇಳಿದರೆ ಕಾಂಚನ ಕೂಗುತ್ತಿದ್ದಳು: "ಓಡ್ರಿ, ಸೂರ್ಯಾ ನಿಮಗ ಬಸ್ಸಿನಂಗ ನಿಲ್ಲೂದಿಲ್ಲ!"

ಒಂದು ವಾರ ಓಡಿದ. ಎಂಟನೆಯ ದಿನ ಡಬ್ಬಿ ತಂದ.

"ಇನ್ನ ಓಡೂದಿಲ್ಲ, ಮಿಸ್ತ್ರಿ. ಇಲ್ಲೇ ಉಣತೇನಿ."

"ವರ್ಕಶಾಪಿನ್ಯಾಗ? ಗ್ರೀಸ ವಾಸನಿ ಬರತೈತಿ ನೋಡ್ರಿ."

"ನಮ್ಮ ಮನ್ಯಾಗ ಬರೇ ಅರಿಶಿಣಾದ ವಾಸನಿ. ಬದಲ್ ಪಾಯಿಜೆ, ಬ್ಯಾರೆ ವಾಸನಿ ಬೇಕು." ಕನ್ನಡ ಸಾಲದಾದಾಗ ಅವನು ಮರಾಠಿಗೆ ಜಿಗಿಯುತ್ತಿದ್ದ, ಅವಳು ಎರಡಕ್ಕೂ ನಗುತ್ತಿದ್ದಳು. ಅವನ ಉಗುರಿನಲ್ಲಿ ಅರಿಶಿನ, ಅವಳ ಉಗುರಿನಲ್ಲಿ ಗ್ರೀಸು. ಒಂದೇ ಡಬ್ಬಿಯ ಚಪಾತಿ ಇಬ್ಬರೂ ಹರಿದರು.

ಒಳಗಿನ ಪುಟ್ಟ ಕನ್ನಡಿ ಕೂರಿಸಿದ ದಿನ ಅವನು ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಅವಳು ಕನ್ನಡಿ ತಿರುಗಿಸುತ್ತಿದ್ದಾಗ ಅವನ ಕಣ್ಣು ಅದರಲ್ಲಿ ಬಂದು ಕುಳಿತವು.

"ಕನ್ನಡಿ ಸರಿ ಕುಂತೈತೇನು?" ಎಂದು ಕೇಳಿದಳು.

"ನನಗ ಬೇಕಾದ್ದು ಕಾಣತೈತಿ."

ಅವಳು ಸ್ಕ್ರೂ ಬಿಗಿದಳು, ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು.

ಅದೇ ದಿನ ಅವನು ಅಪ್ಪನ ಮಾತು ತೆಗೆದ. ಅಪ್ಪನ ಹೆಸರು ಪಾರಿಸ. ಅವನು ಒಂದು ಸಂಜೆ ಮಿರಜದಿಂದ ಖಂಡೇರಾಜುರಿಯ ತೋಟದ ಮನೆಗೆ ಹೊರಟಿದ್ದ. ಹಳ್ಳದ ಇಳಿಜಾರಿನಲ್ಲಿ ಗಾಡಿ ಸೇತುವೆಯ ಕಲ್ಲಿಗೆ ಬಡಿಯಿತು. ಅಭಿಜಿತನಿಗೆ ಆಗ ಎರಡು ವರ್ಷ.

"ಕುಡಿದಿದ್ದಾ ಅಂತಾರ" ಎಂದ, ಡಬ್ಬಿಯ ಮುಚ್ಚಳ ನೋಡುತ್ತ. "ಜೈನರ ಮನಿ ಹಿರೇಮಗಾ, ಪರ್ಯುಷಣದ ಉಪಾಸದ ದಿನ ಕುಡಿದು ಸತ್ತಾ ಅಂತ. ಅವ್ವಗ ನಾ ಆಯಿ ಅಂತೇನಿ. ಬಸದಿಯಾಗ ಆಯಿ ಬಾಜೂಕ ಯಾರೂ ಕುಂದರತಿರಲಿಲ್ಲ. ಆಯಿ ಪ್ಯಾಟಿ ಬಿಟ್ಟು ತೋಟ ಹಿಡಿದಳು, ದ್ರಾಕ್ಷಿ ಬೆಳೆಸಿದಳು. ಆ ಮಾತು ಮಾತ್ರ ಆಕಿ ಬೆನ್ನ ಬಿಡಲಿಲ್ಲ. ಊರ ಬಾಯಿಗೆ ಮುಚ್ಚಳ ಎಲ್ಲೈತಿ? ಒಂದ ಸರತಿ ಆಯಿನ್ನ ಈ ಗಾಡಿಯಾಗ ಕುಂದ್ರಿಸಿ ಆ ಹಾದಿ ದಾಟಸಬೇಕು. ಅಷ್ಟ ನನ್ನ ಆಸೆ."

*

ಕೆಳಗಿನ ಕೆಲಸವನ್ನು ಕಾಂಚನ ಕೊನೆಗೆ ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಗಾಡಿಯ ಅಡಿಯ ಗುಂಡಿಗೆ ಇಳಿದು, ಬ್ರೇಕಿನ ರಾಡುಗಳ ಮೇಲಿನ ಜಂಗು ಬ್ರಶ್ಶಿನಿಂದ ತಿಕ್ಕಿದಳು. ಈ ಗಾಡಿಯ ಬ್ರೇಕೆಲ್ಲ ಕಬ್ಬಿಣದ ರಾಡಿನದು. ರಾಡು ರಾಡಿಗೆ ಸೇರುವಲ್ಲಿ ಒಂದು ಗುಂಡನೆಯ ಪಿನ್ನು, ಆ ಪಿನ್ನು ಬೀಳದಂತೆ ಅದರ ತುದಿಗೆ ಒಂದು ಸಣ್ಣ ಸ್ಪ್ಲಿಟ್ ಪಿನ್ನು.

ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ತಂತಿ ಇತ್ತು.

'ಇದನ್ನು ನಾನು ಯಾವಾಗ ಕಟ್ಟಿದೆ?' ಎಂದುಕೊಂಡಳು ಮೊದಲು. ಸುತ್ತು ಅವಳದೇ. ಎಡಕ್ಕೆ ಮೂರು ತಿರುವು, ಬಾಲವನ್ನು ಮಡಚಿ ಒಳಗೆ ಹೊಗಿಸಿದ್ದು. ಲೋಕದ ಮಿಸ್ತ್ರಿಗಳೆಲ್ಲ ತಂತಿಯನ್ನು ಬಲಕ್ಕೆ ತಿರುವುತ್ತಾರೆ. ಎಡಕ್ಕೆ ತಿರುವುವವಳು ತಾನೊಬ್ಬಳೇ, ಯಾಕೆಂದರೆ ಕಲಿಸಿದವನು ಎಡಚ.

ಆದರೆ ತಂತಿ ಜಂಗು ತಿಂದು ಕರಗಿತ್ತು. ಅವಳು ಈ ಗಾಡಿಯ ಅಡಿಗೆ ಇಳಿದದ್ದು ಇದೇ ಮೊದಲು.

ನಾಲ್ಕು ಕಡೆ ತಂತಿ. ಐದನೆಯದು ಪೆಡಲಿನ ಬುಡದ್ದು, ಕಾಲಿನ ಒತ್ತಡವೆಲ್ಲ ಹಾದುಹೋಗುವ ಜಾಗ. ಅಲ್ಲಿ ತಂತಿ ಹರಿದುಹೋಗಿತ್ತು, ಪಿನ್ನೂ ಉದುರಿತ್ತು. ಬರೀ ತೂತು. ತೂತಿನ ಆಚೆ ವರ್ಕಶಾಪಿನ ಬೆಳಕು ಕಂಡಿತು.

ಇಕ್ಕಳದಿಂದ ಒಂದು ತಂತಿ ಬಿಚ್ಚಿ ಕಿಸೆಗೆ ಹಾಕಿಕೊಂಡಳು. ಮೇಲೆ ಅಭಿಜಿತ ಬಂದ ಸದ್ದು. "ಮಿಸ್ತ್ರಿ, ಊಟಕ್ಕ ಬಾ! ಇವತ್ತ ಕಡಬು ಐತಿ!"

"ನೀವು ಉಣ್ರಿ" ಎಂದಳು. "ನನ್ನ ಕೈ ಹೊಲಸಾಗ್ಯಾವು."

*

ರಾತ್ರಿ ಮನೆಯಲ್ಲಿ ಕಾಡಸಿದ್ದಪ್ಪ ತಂತಿಯ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅದರ ಸುತ್ತು ನೋಡಿದ. ಇಲ್ಲ ಅನ್ನಲಿಲ್ಲ.

"ಆಗ ನನ್ನ ಅಂಗಡಿ ಮಿರಜದಾಗ. ಸಾಹುಕಾರ್ರು ಬ್ರೇಕ ಬಿಗಿ ಮಾಡಸಾಕ ಬಂದಿದ್ರು. ಬಿಚ್ಚಿದೆ, ಬಿಗಿದೆ. ಪಿನ್ನಿನ ಡಬ್ಬಿ ಖಾಲಿ. ತರಾಕ ಅರ್ಧ ತಾಸು. ಅವರು ಹೊತ್ತು ನೋಡಾಕತ್ತಿದ್ರು. 'ಕಾಡಸಿದ್ದಾ, ಸೂರ್ಯಾ ಇಳಿಯೂದ್ರಾಗ ಮನಿ ಮುಟ್ಟಬೇಕು, ಇಲ್ಲಾಂದ್ರ ಇವತ್ತೂ ಉಪಾಸ, ಮನ್ಯಾಗ ಆಕಿನೂ ಉಪಾಸ' ಅಂದ್ರು. ತಂತಿ ಕಟ್ಟಿದೆ. ನಾಳೆ ಬರ್ರಿ, ಪಿನ್ನ ಹಾಕತೇನಿ ಅಂದೆ."

"ಕುಡಿದಿದ್ರಾ?"

"ಉಪಾಸಿದ್ದ ಮನಶ್ಯಾ ಅವ್ವಾ. ನೀರ ಸುದ್ದಾ ಕುಡಿದಿರಲಿಲ್ಲ."

"ಮತ್ತ ಊರು?"

"ನಾ ಹೇಳಿಲ್ಲ ಹಂಗ." ತಂತಿಯನ್ನು ಮಗಳ ಕೈಗೆ ತಿರುಗಿ ಕೊಟ್ಟ. "ಅಂದವ್ರಿಗೆ ಅಲ್ಲಾ ಅನಲಿಲ್ಲ, ಅಷ್ಟ. ನೀ ಆಗ ವರ್ಷದ ಕೂಸು... ಆ ತಂತಿ ಭಟ್ಟಿಗೆ ಒಗಿ, ಕಾಂಚನಾ."

ಅವಳು ಒಗೆಯಲಿಲ್ಲ. ಗ್ರೀಸಿನ ಖಾಲಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ಮರುದಿನ ಐದೂ ಕಡೆ ಹೊಸ ಸ್ಪ್ಲಿಟ್ ಪಿನ್ನು ಹಾಕಿದಳು. ಈಗ ಅಂಗಡಿಯಲ್ಲಿ ಅವು ಮುಷ್ಟಿಗಟ್ಟಲೆ ಸಿಗುತ್ತಿದ್ದವು. ಹಾಕಿದ್ದನ್ನು ಮತ್ತೆ ಮತ್ತೆ ಇಳಿದು ನೋಡಿದಳು.

ಹೇಳಿದರೆ ಅಭಿಜಿತನ ಅಪ್ಪನ ಹೆಸರಿನ ಮಸಿ ತೊಳೆದುಹೋಗುತ್ತದೆ, ತನ್ನ ಅಪ್ಪನ ಹೆಸರಿಗೆ ಆ ಮಸಿ ಹತ್ತುತ್ತದೆ, ಅವನು ಹೋಗುತ್ತಾನೆ. ಹೇಳದಿದ್ದರೆ ಅವನು ಇರುತ್ತಾನೆ. ಆದರೆ ಎಂಥ ಇರುವಿಕೆ ಅದು! ತಂತಿ ಕಟ್ಟಿದ ಹಾಗೆ. ಇವತ್ತು ಓಡುತ್ತದೆ, ಯಾವ ಇಳಿಜಾರಿನಲ್ಲಿ ಬಿಡುತ್ತದೆ ಗೊತ್ತಿಲ್ಲ.

*

ಮೊದಲ ಸವಾರಿ ಭಾನುವಾರ, ಎಂಐಡಿಸಿಯ ಖಾಲಿ ರಸ್ತೆಯಲ್ಲಿ. ಆಸ್ಟಿನ್ ಕೆಮ್ಮಿತು, ಸೀನಿತು, ಆಮೇಲೆ ಹೊಲಿಗೆ ಯಂತ್ರದಂತೆ ಒಂದೇ ಲಯ ಹಿಡಿಯಿತು. ಅಭಿಜಿತ ಚಿಕ್ಕ ಹುಡುಗನಂತೆ ಕಿಟಕಿಯಿಂದ ಕೈ ಹೊರಗೆ ಹಾಕಿದ.

"ಮಿಸ್ತ್ರಿ, ಮುಂದ ಒಂದ ನಾಯಿನೂ ಇಲ್ಲ. ಯಾಕ ಬ್ರೇಕ ಹೊಡೀತಿ?"

"ನೋಡಾಕತ್ತೇನಿ."

"ಹತ್ತ ಸರತಿ?"

ಎರಡನೆಯ ಸವಾರಿ ವಿಶ್ರಾಮಬಾಗಕ್ಕೆ. ಕಾಲೇಜಿನ ಹುಡುಗಿಯರು ಕೈ ಬೀಸಿದರು, ಸ್ಕೂಟರಿನವನೊಬ್ಬ ತಿರುಗಿ ನೋಡುತ್ತ ಕಬ್ಬಿನ ಹಾಲಿನ ಗಾಡಿಗೆ ಗುದ್ದಿದ. ಎಸ್‌ಟಿಡಿ ಬೂತಿನ ಎದುರು ಹಿಂದಿನ ಸೀಟಿನಿಂದ ಅಭಿಜಿತ ಮೆಲ್ಲಗೆ ಹೇಳಿದ:

"ಆಯಿಗೆ ಫೋನ್ ಮಾಡಿದ್ದೆ. ನಿನ್ನ ಬಗ್ಗೆ ಹೇಳೇನಿ. ಜಾತಿ ಕೇಳಿದಳು, ಸುಮ್ಮನಾದಳು. ಆಮ್ಯಾಲೆ, 'ಬರೂ ಐತವಾರ ಅದ ಗಾಡಿಯಾಗ ಕರಕೊಂಡ ಬಾ, ಹೊತ್ತಿದ್ದಾಗ ಬರ್ರಿ, ಕೂಡಿ ಉಣ್ಣೂಣು' ಅಂದಳು."

ಕಾಂಚನ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಕನ್ನಡಿಯಲ್ಲಿ ನೋಡಲೂ ಇಲ್ಲ.

*

ಮೂರನೆಯ ಸವಾರಿ ಖಂಡೇರಾಜುರಿಗೆ. ಮಿರಜ ದಾಟಿದ ಮೇಲೆ ರಸ್ತೆ ಬರಿದಾಯಿತು. ಬಿಸಿಲು ಬೆನ್ನ ಹಿಂದೆ ಇತ್ತು. ಗಾಡಿಯ ನೆರಳು ಗಾಡಿಗಿಂತ ಮುಂದೆ ಓಡುತ್ತಿತ್ತು, ಒಂದೊಂದು ಮೈಲಿಗೂ ಉದ್ದವಾಗುತ್ತ. ಹಳ್ಳದ ಇಳಿಜಾರು ಬಂತು. ಕೆಳಗೆ ಸೇತುವೆ, ಅದರ ಬಾಯಲ್ಲಿ ಬಿಳಿ ಕಲ್ಲು.

ಇಳಿಜಾರಿನ ಮೇಲ್ತುದಿಯ ಏರಿಯಲ್ಲೇ ಕಾಂಚನ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದಳು. ಸೀಟಿನ ಕೆಳಗಿಂದ ಗ್ರೀಸಿನ ಡಬ್ಬಿ ತೆಗೆದು ಅವನ ಕೈಗಿಟ್ಟಳು.

ಎಲ್ಲ ಹೇಳಿದಳು. ಖಾಲಿಯಿದ್ದ ಪಿನ್ನಿನ ಡಬ್ಬಿ, ಎಡಗೈ ತಿರುವು, ಉಪವಾಸ, ನಾಳೆ ಬರ್ರಿ ಎಂದದ್ದು. ಅಲ್ಲಾ ಅನ್ನದೆ ಉಳಿದದ್ದನ್ನೂ ಬಿಡಲಿಲ್ಲ.

ಅಭಿಜಿತ ಇಳಿದ. ಇಳಿಜಾರಿನ ಉದ್ದಕ್ಕೂ ನಡೆದು ಹೋದ. ಆ ಕಲ್ಲಿನ ಹತ್ತಿರ ನಿಂತ. ಅವನು ತಿರುಗಿ ಬರುವವರೆಗೆ ಕಾಂಚನ ಸ್ಟೇರಿಂಗ್ ಬಿಡಲಿಲ್ಲ.

"ನಮ್ಮಪ್ಪ ಕುಡಿದಿರಲಿಲ್ಲ" ಎಂದ. ಮತ್ತೆ ಅದನ್ನೇ ಹೇಳಿದ. "ಕುಡಿದಿರಲಿಲ್ಲ." ಆಮೇಲೆ ಅವಳ ಕಡೆ ನೋಡಿ, "ನಿನಗ ಗೊತ್ತಾಗಿ ಎಷ್ಟ ದಿನಾತು?"

"ಹದಿನಾರ ದಿನ."

"ಹದಿನಾರ ದಿನ ನನ್ನ ಬಾಜೂಕ ಕುಂತು ನಕ್ಕಿ?"

"ನಗೂ ಖರೇ ಇತ್ತರಿ. ಅದಕ್ಕ ಹೇಳಾಕ ಇಷ್ಟ ದಿನ ಹಿಡೀತು."

ಅವನು ಡಬ್ಬಿಯನ್ನು ಅವಳ ಮಡಿಲಿಗೆ ತಿರುಗಿ ಇಟ್ಟ. "ಆಯಿಗೆ ನೀನ ಹೇಳು. ನನ್ನ ಕಡೆ ಆಗೂದಿಲ್ಲ."

ಅಭಿಜಿತನ ಆಯಿ ಮಾಣಿಕಬಾಯಿ ದ್ರಾಕ್ಷಿ ತೋಟದ ಕಟ್ಟೆಯ ಮೇಲೆ ಮೂರು ತಾಟು ಹಚ್ಚಿ ಕಾದಿದ್ದಳು. ಒಣಗಿದ ಮೈ, ಚೂಪು ಕಣ್ಣು. ಕಾಂಚನ ನಿಂತೇ ಹೇಳಿದಳು. ಮುದುಕಿ ಕೇಳಿದ್ದು ಒಂದೇ ಪ್ರಶ್ನೆ.

"ಅಂವ ನಿಮ್ಮಪ್ಪನ ಅಂಗಡಿ ಬಿಟ್ಟಾಗ ಹೊತ್ತು ಎಷ್ಟಿತ್ತು?"

"ಇನ್ನಾ ಇತ್ತಂತರಿ, ಮಾವಶಿ. ಮನಿಗೆ ಉಣ್ಣಾಕ ಹೊಂಟೇನಿ ಅಂದಿದ್ರಂತ."

ಮಾಣಿಕಬಾಯಿ ಖಾಲಿ ತಾಟಿನ ಅಂಚನ್ನು ಸೆರಗಿನಿಂದ ಒರೆಸಿದಳು. "ಆವತ್ತೂ ಹಿಂಗ ತಾಟ ಹಚ್ಚಿದ್ದೆ. ಅಂವ ಉಣ್ಣಾಕ ಬರಾಕತ್ತಿದ್ದಾ ಅಂತ ಬಡಕೊಂಡೆ. ಯಾರೂ ಕೇಳಲಿಲ್ಲ." ತಾಟು ಕೆಳಗಿಟ್ಟು ತಲೆ ಎತ್ತಿದಳು. "ಬರೂ ಐತವಾರ ನಿಮ್ಮಪ್ಪನ್ನ ಕರಕೊಂಡ ಬಾ. ಇದ ಗಾಡಿಯಾಗ, ಇದ ಇಳಕಲ ಇಳಿದು. ಊರ ಮಂದಿ ಮುಂದ ಅಂವ ಹೇಳ್ಲಿ. ನಿಂದು ನನ್ನ ಮಗಂದು ಮಾತು ಆಮ್ಯಾಲೆ. ಈಗ ಹೋಗು."

ಮೂರು ತಾಟೂ ಹಾಗೇ ಉಳಿದವು.

*

ಆ ವಾರ ಅಭಿಜಿತ ವರ್ಕಶಾಪಿಗೆ ಬರಲಿಲ್ಲ. ಬಿಸಿಲು ದಿನಾ ಎದುರಿನ ತಗಡಿಗೆ ಇಳಿಯಿತು, ಡಬ್ಬಿ ಬರಲಿಲ್ಲ.

ಮಾಣಿಕಬಾಯಿಯ ಮಾತನ್ನು ಕಾಂಚನ ಅಪ್ಪನಿಗೆ ಹೇಳಿದ್ದಳು. ಭಾನುವಾರ ಕಾಡಸಿದ್ದಪ್ಪ ತೊಳೆದ ಧೋತರ ಉಟ್ಟು ಬಂದ. ಮಗಳು ಕರೆಯುವ ಮೊದಲೇ ಗಾಡಿಯ ಹಿಂದಿನ ಬಾಗಿಲು ತೆಗೆದು ಕುಳಿತ. ಗಾಡಿ ಮಿರಜ ದಾಟಿತು. ಏರಿ ಕಂಡಾಗ, "ಕಾಂಚನಾ, ಪಿನ್ನ ನೋಡಿಯೇನು?" ಎಂದ. 

ಏರಿಯ ಮೇಲೆ ಬಿಳಿ ಅಂಗಿಯೊಂದು ನಿಂತಿತ್ತು. ಕಾಂಚನ ಗಾಡಿ ನಿಲ್ಲಿಸಿದಳು. ಅಭಿಜಿತ ಅವಳ ಪಕ್ಕದ ಬಾಗಿಲು ದಾಟಿ ಹಿಂದೆ ಹೋದ. ಹಿಂದಿನ ಬಾಗಿಲು ತೆಗೆದ.

"ಸರೀರಿ, ಕಾಕಾ."

ಮುದುಕ ಗಾಬರಿಯಾಗಿ ಸರಿದ. "ಸಾಹುಕಾರ್ರ, ಬ್ಯಾಡ್ರಿ. ನೀವು ನಡಕೊಂಡ ಇಳೀರಿ. ಈ ಬ್ರೇಕ ನಾ ನೋಡಿಲ್ಲ."

"ಆಕಿ ನೋಡ್ಯಾಳ" ಎಂದ ಅಭಿಜಿತ, ಬಾಗಿಲು ಎಳೆದುಕೊಂಡು.

ಗಾಡಿ ಇಳಿಯತೊಡಗಿತು. ಮುದುಕನ ಎಡಗೈ ಮುಂದಿನ ಸೀಟಿನ ಬೆನ್ನನ್ನು ಅವಚಿ ಹಿಡಿದಿತ್ತು. ಬಿಳಿ ಕಲ್ಲು ದೊಡ್ಡದಾಗುತ್ತ ಬಂತು. ಕಾಂಚನ ಪೆಡಲ್ ಒತ್ತಿದಳು. ಅರ್ಧ ಉಸಿರು ಏನೂ ಆಗಲಿಲ್ಲ. ಆಮೇಲೆ ಐದೂ ಪಿನ್ನು ಒಟ್ಟಿಗೆ ಎಳೆದುಕೊಂಡವು, ಆಸ್ಟಿನ್ ಮೂತಿ ತಗ್ಗಿಸಿ ಕಲ್ಲಿಗೆ ಮೂರು ಮಾರು ಇರುವಾಗ ಸುಮ್ಮನೆ ನಿಂತಿತು.

ಹಿಂದೆ ಮುದುಕ ಅಳುತ್ತಿದ್ದ. ಕಾಂಚನ ಬಹಳ ದಿನದ ಮೇಲೆ ಕನ್ನಡಿ ನೋಡಿದಳು. ಅದರಲ್ಲಿ ಆ ಎರಡು ಕಣ್ಣು ಇದ್ದವು, ಕೆಂಪಗೆ, ನಿದ್ದೆಗೆಟ್ಟು.

"ಕನ್ನಡಿ ಸರಿ ಕುಂತೈತೇನ್ರಿ?" ಎಂದಳು. 

"ಹೂಂ. ಹೊಡಿ ಗಾಡಿ, ಮಿಸ್ತ್ರಿ. ಆಯಿ ನಾಕ ತಾಟ ಹಚ್ಯಾಳ."

ತೋಟದ ಬಾಗಿಲಲ್ಲಿ ಊರಿನ ಮಂದಿ ನೆರೆದದ್ದು ದೂರದಿಂದಲೇ ಕಂಡಿತು. ಯಾರ ಮುಖದಲ್ಲೂ ನಗು ಇರಲಿಲ್ಲ. ಗಾಡಿ ನಿಂತಾಗ ಅಭಿಜಿತ ಕೈ ಕೊಡಹೋದ. ಕಾಡಸಿದ್ದಪ್ಪ ಹಿಡಿಯಲಿಲ್ಲ. ತಾನೇ ಇಳಿದು, ಧೋತರ ಸರಿಮಾಡಿಕೊಂಡು, ಆ ಮುಖಗಳ ಕಡೆ ನಡೆದ.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು.